ಗೋಕರ್ಣದಿಂದ ಹೊನ್ನಾವರಕ್ಕೆ ದಂಡೆ ಹಿಡಿದು ನಡಿಗೆ: ಇಬ್ಬರೇ ಗೆಳತಿಯರು, ದಾರಿ ಗೊತ್ತಿದ್ದವರು ಹೇಳಿ

ಘಟ್ಟದ ಮೇಲಿನವಳು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ನನ್ನ ಗೆಳತಿ ಕಾರವಾರದವಳು. ಧಾರವಾಡದಲ್ಲಿ ಓದುವಾಗ ಒಂದೇ ರೂಮಿನಲ್ಲಿದ್ದೆವು. ಬರುವ ಮಾರ್ಚ್‌ನಲ್ಲಿ ಅವಳು ಕೆಲಸಕ್ಕೆಂದು ದೇಶ ಬಿಟ್ಟು ಹೋಗುತ್ತಿದ್ದಾಳೆ. ಅದಕ್ಕೂ ಮುಂಚೆ, ಜನವರಿಯಲ್ಲಿ, ಗೋಕರ್ಣದಿಂದ ಹೊನ್ನಾವರದ ತನಕ ಕಡಲ ದಂಡೆ ಹಿಡಿದು ನಡೆಯಬೇಕು ಅಂತ ಇಬ್ಬರಿಗೂ ಆಸೆ. ಕಾರಿನಲ್ಲಿ ಹೋಗಿ, ಒಂದೊಂದು ಬೀಚಿನಲ್ಲಿ ಇಳಿದು, ಫೋಟೋ ತೆಗೆದು ವಾಪಸ್ ಬರುವುದು ಬೇಡ. ನಡೆಯುತ್ತಾ ಮಾತಾಡಬೇಕು. ಫೋನಿನಲ್ಲಿ ಆಗದ ಮಾತು ಸುಮಾರು ಉಳಿದಿದೆ.

ನಮ್ಮಿಬ್ಬರ ನಡುವೆ ಒಂದೇ ವಿಷಯಕ್ಕೆ ಜಗಳ. ಅವಳಿಗೆ ಟೆಂಟ್ ಬೇಕು, ದಂಡೆಯ ಮೇಲೆಯೇ ಮಲಗಬೇಕು. ನಾನು ಊರೊಳಗೆ ಯಾರದಾದರೂ ಮನೆಯಲ್ಲಿ, ಹೋಂಸ್ಟೇಯಲ್ಲಿ ಉಳಿಯೋಣ ಅನ್ನುತ್ತಿದ್ದೇನೆ. ನಡುವೆ ಹೊಳೆಗಳನ್ನು ಹೇಗೆ ದಾಟುವುದು, ಎಲ್ಲಿ ದಂಡೆ ಬಿಟ್ಟು ಮೇಲೆ ಹತ್ತಬೇಕು, ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು? ಅವಳು ಮೀನು ಬಿಟ್ಟು ಊಟ ಮಾಡುವವಳಲ್ಲ, ನಾನು ಸಸ್ಯಾಹಾರಿ, ಅದಕ್ಕೂ ದಾರಿ ಬೇಕು. ಮನೆಯವರು "ಇಬ್ಬರೇ ಹುಡುಗಿಯರು ಯಾಕೆ ಹೋಗಬೇಕು" ಅನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಬಾಡದ ಹುಡುಗ

ಟೆಂಟ್ ಬೇಡ. ಉಳಿದದ್ದು ಸಂಜೆ ಬರೆಯುತ್ತೇನೆ.

ಬುಲೆಟ್ ಮಾವ

ನಡೆಯುವುದು ಯಾಕೆ ಮಾರಾಯ್ರೆ? ಕುಮಟಾದಿಂದ ಹೊನ್ನಾವರ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಒಂದು ಸ್ಕೂಟಿ ತಗೊಳ್ಳಿ. ತದಡಿಯಲ್ಲಿ ಹೊಳೆ ದಾಟಿಸುವ ಬಾರ್ಜಿಗೆ ಬೈಕನ್ನೂ ಹತ್ತಿಸುತ್ತಾರೆ. ಯಾಣ ನೋಡಬಹುದು, ಮಿರ್ಜಾನ್ ಕೋಟೆ ನೋಡಬಹುದು, ಅಪ್ಸರಕೊಂಡ, ಮುರ್ಡೇಶ್ವರ ಎಲ್ಲ ಆಗುತ್ತದೆ. ನಡೆದರೆ ಅರ್ಧವೂ ನೋಡಲು ಆಗುವುದಿಲ್ಲ.

ಕಾಂಡ್ಲಾ ಕಾಡು

@ಬುಲೆಟ್ ಮಾವ, ಅವರು ಕೇಳಿದ್ದು ಎಷ್ಟು ಜಾಗ ನೋಡಬಹುದು ಅಂತ ಅಲ್ಲ. ಗೆಳತಿ ಜೊತೆ ನಡೆಯಬೇಕು ಅಂತ. ಸ್ಕೂಟಿ ಮೇಲೆ ಕೂತು ಹೈವೇ ಗಾಳಿಯಲ್ಲಿ ಏನು ಮಾತು ಕೇಳುತ್ತದೆ?

ಬುಲೆಟ್ ಮಾವ

ಸಲಹೆ ಕೇಳಿದರು, ಕೊಟ್ಟೆ. ಜನವರಿಯಲ್ಲೂ ಹನ್ನೊಂದರ ಮೇಲೆ ಆ ಮರಳಿನ ಮೇಲೆ ಕಾಲಿಡಲು ಆಗುವುದಿಲ್ಲ, ಅದು ಗೊತ್ತಿರಲಿ.

ಬಾಡದ ಹುಡುಗ

ಈಗ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲನೆಯದು ದಿಕ್ಕು. ನೀವು ಹಾಕಿಕೊಂಡದ್ದೇ ಸರಿ, ಬಡಗಿನಿಂದ ತೆಂಕಿಗೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುವ ಗಾಳಿ ಹೆಚ್ಚಾಗಿ ವಾಯವ್ಯದ ಕಡೆಯಿಂದ ಬರುತ್ತದೆ. ತೆಂಕು ಮುಖ ಮಾಡಿ ನಡೆದರೆ ಅದು ಬೆನ್ನ ಹಿಂದೆ ಇರುತ್ತದೆ. ಹೊನ್ನಾವರದಿಂದ ಹೊರಟರೆ ಮರಳು, ಗಾಳಿ ಎರಡೂ ಮುಖಕ್ಕೆ.

ಎರಡನೆಯದು ಭರತ ಇಳಿತ. ಜನ ಮ್ಯಾಪ್ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಸಮಯ ದಿನಾ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತ ಅಂದರೆ ನಾಳೆ ಹೆಚ್ಚುಕಡಿಮೆ ಏಳು ಐವತ್ತಕ್ಕೆ. ಇಳಿತದಲ್ಲಿ ನೀರಿನ ಅಂಚಿನ ಮರಳು ಗಟ್ಟಿ ಇರುತ್ತದೆ, ಕಾಲು ಹೂಳುವುದಿಲ್ಲ, ಬ್ಯಾಗಿನ ಭಾರವೂ ಕಡಿಮೆ ಅನಿಸುತ್ತದೆ. ಭರತದಲ್ಲಿ ಮೇಲಿನ ಸಡಿಲ ಮರಳಲ್ಲಿ ನಡೆಯಬೇಕು, ಒಂದು ಕಿಲೋಮೀಟರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಬಂಡೆ ಸುತ್ತಿ ಹೋಗುವ ಜಾಗಗಳಲ್ಲಿ ಇದರಿಂದ ದಾರಿಯೇ ಇಲ್ಲದಂತಾಗಬಹುದು. ಅದಕ್ಕೇ ತಾರೀಕು ಗಟ್ಟಿ ಮಾಡುವ ಮುಂಚೆ ಪಂಚಾಂಗ ನೋಡಿ. ಹೊರಡುವ ಹಿಂದಿನ ಸಂಜೆ ಬಂದರಿನಲ್ಲಿ ಯಾರನ್ನಾದರೂ ಕೇಳಿ, ಬಾಯಿಪಾಠ ಇರುತ್ತದೆ.

ಮೂರನೆಯದು ದಾರಿ. ಗೋಕರ್ಣದ ದೊಡ್ಡ ದಂಡೆಯಿಂದ ರಾಮತೀರ್ಥದ ಕಡೆ ಗುಡ್ಡ ಹತ್ತಿ ಕುಡ್ಲೆ. ಅಲ್ಲಿಂದ ಓಂ, ಹಾಫ್‌ಮೂನ್, ಪ್ಯಾರಡೈಸ್. ಹಾಫ್‌ಮೂನ್ ದಾಟಿದ ಮೇಲೆ ಬಂಡೆ ಜಾಸ್ತಿ. ಒದ್ದೆ ಬಂಡೆಯ ಮೇಲೆ ಹಸಿರು ಪಾಚಿ ಕಂಡರೆ ಅಲ್ಲಿ ಕಾಲಿಡಬೇಡಿ, ಎಷ್ಟೇ ಒಳ್ಳೆ ಶೂ ಇರಲಿ. ಆಮೇಲೆ ಬೆಲೇಕಾನ, ತದಡಿ. ತದಡಿಯಲ್ಲಿ ದಂಡೆ ಮುಗಿಯಿತು, ಮುಂದೆ ಅಘನಾಶಿನಿ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಬಾರ್ಜಿನಲ್ಲಿ ಆಚೆ ಅಘನಾಶಿನಿ ಊರಿಗೆ ದಾಟಿ. ಕತ್ತಲಾದ ಮೇಲೆ ದಾಟಬಹುದು ಅಂತ ನಂಬಿ ಕೂರಬೇಡಿ, ಹಗಲಿಗೇ ಮುಗಿಸಿ. ಚಿಲ್ಲರೆ ಇಟ್ಟುಕೊಳ್ಳಿ, ನೆಟ್‌ವರ್ಕ್ ಕೈ ಕೊಟ್ಟರೆ ಫೋನ್ ಪೇ ಆಗುವುದಿಲ್ಲ.

ಆಚೆ ಗುಡ್ಡ ಹತ್ತಿದರೆ ಮೇಲೆ ಚಿರೆಕಲ್ಲಿನ ಬಯಲು. ನೆರಳಿಲ್ಲ. ಅಲ್ಲಿಂದ ಕಾಗಾಲ, ನಮ್ಮ ಬಾಡ, ಹೊಲನಗದ್ದೆ, ಕುಮಟಾ. ಬಾಡದಲ್ಲಿ ಕಾಂಚಿಕಾ ಪರಮೇಶ್ವರಿ ದೇವಸ್ಥಾನದ ಹತ್ತಿರ ಕೂತು ಸುಧಾರಿಸಿಕೊಳ್ಳಿ. ಕುಮಟಾದಿಂದ ಧಾರೇಶ್ವರ, ಕರ್ಕಿ, ಹೊನ್ನಾವರ. ಈ ಭಾಗದಲ್ಲಿ ಸಣ್ಣ ಹಳ್ಳ, ಹೊಳೆ ಕಡಲಿಗೆ ಸೇರುವ ಜಾಗಗಳಿವೆ. ನೋಡಲು ಮೊಣಕಾಲುದ್ದ, ನಡುವಿಗೆ ಹೋದರೆ ಸೊಂಟ. ಭರತ ಇದ್ದಾಗ ಅಲ್ಲಿ ಕಾಲು ಇಡಲೇಬೇಡಿ. ಊರೊಳಗೆ ಹೋಗಿ ಸೇತುವೆ ಮೇಲೆ ದಾಟಿ. ಎರಡು ಕಿಲೋಮೀಟರ್ ಜಾಸ್ತಿ ಆದರೆ ಆಗಲಿ.

ಘಟ್ಟದ ಮೇಲಿನವಳು

ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಮಾವಾಸ್ಯೆ ಹುಣ್ಣಿಮೆ ವಿಷಯ ಅವಳಿಗೆ ಗೊತ್ತಿತ್ತು. ನಾನೇ ಬೆಳದಿಂಗಳಲ್ಲಿ ನಡೆಯೋಣ ಅನ್ನುತ್ತಿದ್ದೆ. ಟೆಂಟ್ ಯಾಕೆ ಬೇಡ ಅಂತ ಸ್ವಲ್ಪ ಹೇಳಿ, ಅವಳಿಗೆ ಈ ಚರ್ಚೆ ತೋರಿಸುತ್ತೇನೆ.

ಶರಾವತಿ ತೀರ

ತಂಗೀ, ನಾನು ಹೊನ್ನಾವರದವನು, ನಿನ್ನ ಅಪ್ಪನ ವಯಸ್ಸಿರಬಹುದು. ನಮ್ಮ ಕಡೆಯ ಜನ ಒಳ್ಳೆಯವರು, ಅದರಲ್ಲಿ ಅನುಮಾನ ಬೇಡ. ಆದರೆ ಗೋಕರ್ಣದ ಆ ಕಡೆ ದಂಡೆಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕುಡಿದವರು ಇರುತ್ತಾರೆ. ಇಬ್ಬರೇ ಹೆಣ್ಣುಮಕ್ಕಳು ಟೆಂಟ್ ಹಾಕಿ ಮಲಗುವುದು ನನಗೆ ಸರಿ ಕಾಣುವುದಿಲ್ಲ. ಮನೆಯಿಂದ ತಮ್ಮನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗುವುದು ಒಳ್ಳೆಯದು.

ಕಾಂಡ್ಲಾ ಕಾಡು

ಅಣ್ಣ ಬಂದರೆ ಅದು ಗೆಳತಿಯರ ನಡಿಗೆ ಆಗುವುದಿಲ್ಲ, ಕುಟುಂಬದ ಪ್ರವಾಸ ಆಗುತ್ತದೆ. ಇದೇ ಪ್ರಶ್ನೆಯನ್ನು ಇಬ್ಬರು ಹುಡುಗರು ಕೇಳಿದ್ದರೆ ಅಕ್ಕನನ್ನು ಕರೆದುಕೊಂಡು ಹೋಗಿ ಅಂತ ಯಾರೂ ಹೇಳುತ್ತಿರಲಿಲ್ಲ ಅಲ್ವಾ?

ಶರಾವತಿ ತೀರ

ನಾನು ಹೆದರಿಸಲು ಬರೆದಿದ್ದಲ್ಲಮ್ಮ. ನನಗೂ ಇಬ್ಬರು ಹೆಣ್ಣುಮಕ್ಕಳು. ಕಾಳಜಿಯಿಂದ ಹೇಳಿದೆ. ಹೋಗಬೇಡಿ ಅಂತ ಎಲ್ಲಿ ಹೇಳಿದೆ?

ಬಾಡದ ಹುಡುಗ

ಟೆಂಟ್ ಬೇಡ ಅಂದದ್ದಕ್ಕೆ ಹೆಣ್ಣು ಗಂಡು ಕಾರಣವೇ ಅಲ್ಲ. ದಂಡೆಯಲ್ಲಿ ಎಲ್ಲೆಂದರಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ರಾತ್ರಿ ಬಂದು ಎಬ್ಬಿಸುತ್ತಾರೆ. ಆಗ ಬ್ಯಾಗು ಕಟ್ಟಿಕೊಂಡು ಕತ್ತಲಲ್ಲಿ ಎಲ್ಲಿಗೆ ಹೋಗುತ್ತೀರಿ? ಎರಡನೆಯದು, ಭರತದ ಗೆರೆ ಎಲ್ಲಿ ತನಕ ಬರುತ್ತದೆ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಒಣಗಿದ ಕಸ, ಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆ ನೋಡಿ, ನೀರು ಅಲ್ಲಿ ತನಕ ಬಂದಿತ್ತು ಅಂತ ಅರ್ಥ. ಮೂರನೆಯದು, ಜನವರಿ ಬೆಳಗಿನ ಜಾವ ದಂಡೆಯಲ್ಲಿ ಇಬ್ಬನಿ ಎಷ್ಟು ಬೀಳುತ್ತದೆ ಅಂದರೆ ಟೆಂಟಿನ ಬಟ್ಟೆ ಒಳಗಿನಿಂದಲೂ ತೊಟ್ಟಿಕ್ಕುತ್ತದೆ. ಒದ್ದೆ ಟೆಂಟ್ ಹೊತ್ತು ಚಿರೆಕಲ್ಲು ಗುಡ್ಡ ಹತ್ತಿ ನೋಡಿ, ಆಮೇಲೆ ಗೊತ್ತಾಗುತ್ತದೆ.

ದೇವಬಾಗದ ಅಲೆ

ಕಡಲಾಮೆ ವಿಷಯ ಯಾರೂ ಹೇಳಲಿಲ್ಲ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ನಮ್ಮ ದಂಡೆಗಳಿಗೆ ಮೊಟ್ಟೆ ಇಡಲು ಬರುತ್ತವೆ, ಹೊನ್ನಾವರದ ಕಾಸರಕೋಡ ಟೊಂಕದ ಕಡೆಗೂ ಬರುತ್ತವೆ. ಬರುವುದು ರಾತ್ರಿ ಹೊತ್ತಲ್ಲಿ. ದಂಡೆ ಮೇಲೆ ಟೆಂಟ್, ಬೆಂಕಿ, ಟಾರ್ಚು, ಹಾಡು ಇದ್ದರೆ ಅವು ಮೊಟ್ಟೆ ಇಡದೆ ನೀರಿಗೆ ತಿರುಗಿ ಹೋಗುತ್ತವೆ. ಮರಿಗಳು ಹೊರಬಂದಾಗಲೂ ಅಷ್ಟೇ, ದೀಪ ಕಂಡ ಕಡೆ ಹರಿದು ದಾರಿ ತಪ್ಪುತ್ತವೆ. ನೀವು ಬೆಳಿಗ್ಗೆ ಬೇಗ ನಡೆದರೆ ಮರಳಿನಲ್ಲಿ ಆಮೆ ಈಜುಗಾಲಿನಿಂದ ತೆವಳಿದ ಗುರುತು ಕಾಣಬಹುದು. ನೀರಿನಿಂದ ಮೇಲಕ್ಕೆ ಒಂದು ಸಾಲು, ಮೇಲಿನಿಂದ ನೀರಿಗೆ ಇನ್ನೊಂದು ಸಾಲು. ಕಂಡರೆ ಅಗೆಯಬೇಡಿ, ತುಳಿಯಬೇಡಿ, ಹತ್ತಿರದ ಊರಿನವರಿಗೋ ಅರಣ್ಯ ಇಲಾಖೆಗೋ ತಿಳಿಸಿ.

ಘಟ್ಟದ ಮೇಲಿನವಳು

ಟೆಂಟ್ ಬಿಡೋಣ ಅಂತ ಅವಳು ಈಗ ಒಪ್ಪಿದಳು. ನಾನು ಹೇಳಿದ ಕಾರಣಕ್ಕಲ್ಲ, ಆಮೆ ಕಾರಣಕ್ಕೆ.

ಹೊಳೆಸಾಲು

ನಾನೂ ನನ್ನ ಜೀವದ ಗೆಳತಿಯೂ ಇದೇ ದಾರಿಯಲ್ಲಿ ನಡೆದಿದ್ದೇವೆ. ಗಂಡಸರು ಯಾರೂ ಹೇಳದ ವಿಷಯ ಹೇಳುತ್ತೇನೆ.

ಉಪ್ಪು ನೀರು, ಬೆವರು, ಮರಳು ಮೂರೂ ಸೇರಿದರೆ ತೊಡೆ ಸಂದು ಉಜ್ಜಿ ಕೆಂಪಾಗುತ್ತದೆ. ಮಧ್ಯಾಹ್ನದೊಳಗೆ ಹೆಜ್ಜೆ ಇಡಲು ಆಗದಷ್ಟು ಉರಿಯುತ್ತದೆ. ಬೆಳಿಗ್ಗೆ ಹೊರಡುವ ಮುಂಚೆಯೇ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ. ಕಡಲಲ್ಲಿ ಮಿಂದ ಬಟ್ಟೆಯಲ್ಲೇ ಮುಂದೆ ನಡೆಯಬೇಡಿ, ಸಿಹಿನೀರಲ್ಲಿ ತೊಳೆದು ಒಣ ಬಟ್ಟೆ ಹಾಕಿ. ಜೀನ್ಸ್ ಮನೆಯಲ್ಲಿ ಬಿಡಿ. ತೆಳು ಕಾಟನ್ ಪ್ಯಾಂಟು, ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿ ಸಾಕು. ತೆಂಕಿಗೆ ನಡೆಯುವಾಗ ಮಧ್ಯಾಹ್ನದ ಮೇಲೆ ಬಿಸಿಲು ಬಲಗೆನ್ನೆಗೇ ಹೊಡೆಯುತ್ತದೆ, ನೀರಿನ ಮೇಲಿನ ಹೊಳಪು ಬೇರೆ. ನನ್ನ ಗೆಳತಿಯ ಒಂದೇ ಕೆನ್ನೆ ಸುಟ್ಟು ಸಿಪ್ಪೆ ಎದ್ದಿತ್ತು.

ಕಾಲಿಗೆ ಎರಡು ಜೊತೆ ಬೇಕು. ಗಟ್ಟಿ ಮರಳಿಗೆ, ನೀರಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್. ಗುಡ್ಡಕ್ಕೆ, ಬಂಡೆಗೆ ಶೂ. ಶೂ ಒಳಗೆ ಮರಳು ಸಿಕ್ಕರೆ ಕೂಡಲೇ ನಿಂತು ಕೊಡವಿ. ಇನ್ನೊಂದು ಸ್ವಲ್ಪ ಹೋಗಿ ನೋಡೋಣ ಅಂದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ.

ಬ್ಯಾಗು ನಿಮ್ಮ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇರದಿದ್ದರೆ ಒಳ್ಳೆಯದು. ಟೆಂಟ್ ಇಲ್ಲ, ಅಡುಗೆ ಸಾಮಾನಿಲ್ಲ ಅಂದ ಮೇಲೆ ಅದು ಕಷ್ಟ ಅಲ್ಲ. ಎರಡು ಜೊತೆ ಬಟ್ಟೆ, ಒಂದು ಪಂಚೆ ಅಥವಾ ತೆಳು ಟವೆಲ್, ಸೊಂಟದ ಪಟ್ಟಿ ಇರುವ ಬ್ಯಾಗು, ನೀರಿನ ಬಾಟಲಿ, ಓಆರ್‌ಎಸ್ ಪುಡಿ, ಬ್ಯಾಂಡೇಜು, ಪ್ಯಾಡು, ಪೇಪರ್ ಚೀಲ, ಟಾರ್ಚು. ಪ್ಯಾಡನ್ನು ದಂಡೆಯಲ್ಲಿ ಹೂಳಬೇಡಿ, ನಾಯಿ ಕೆದಕುತ್ತದೆ. ಚೀಲದಲ್ಲಿ ಕಟ್ಟಿ ಊರಿಗೆ ತನ್ನಿ. ಶೌಚಾಲಯಕ್ಕೆ ಬಸ್ ಸ್ಟ್ಯಾಂಡು, ದೇವಸ್ಥಾನ, ಹೋಟೆಲು. ಅವು ಎಲ್ಲಿವೆ ಅಂತ ನೋಡಿಯೇ ದಿನದ ನಡಿಗೆ ಹಾಕಿಕೊಳ್ಳಿ. ನಾವು ಕೇಳಿದ ಯಾವ ಮನೆಯಲ್ಲೂ ಇಲ್ಲ ಅನ್ನಲಿಲ್ಲ, ಅದೂ ಹೇಳಲೇಬೇಕು.

ಇನ್ನು ಗೆಳೆತನದ ವಿಷಯ. ಇಬ್ಬರ ಹೆಜ್ಜೆ ಒಂದೇ ಇರುವುದಿಲ್ಲ. ಅವಳು ಮುಂದೆ ಮುಂದೆ ಹೋಗಿ ನನಗಾಗಿ ಕಾಯುತ್ತಿದ್ದಳು. ನಾನು ತಲುಪುವ ಹೊತ್ತಿಗೆ ಅವಳಿಗೆ ವಿಶ್ರಾಂತಿ ಆಗಿರುತ್ತಿತ್ತು, ಎದ್ದು ಹೊರಡುತ್ತಿದ್ದಳು. ನನಗೆ ಕೂರಲು ಸಮಯವೇ ಇಲ್ಲ. ಬಾಡದ ದಂಡೆಯಲ್ಲಿ ಇದಕ್ಕೇ ಜೋರು ಜಗಳ ಆಯಿತು, ಸುಮಾರು ಹೊತ್ತು ಇಬ್ಬರೂ ಮಾತಾಡದೆ ನಡೆದೆವು. ಆಮೇಲೆ ನಿಯಮ ಮಾಡಿಕೊಂಡೆವು: ನಿಧಾನ ನಡೆಯುವವಳೇ ಮುಂದೆ, ಎಲ್ಲಿ ಕೂರಬೇಕು ಅಂತ ಅವಳೇ ಹೇಳಬೇಕು. ಅಲ್ಲಿಂದ ಹೊನ್ನಾವರದವರೆಗೆ ತೊಂದರೆ ಆಗಲಿಲ್ಲ. ನೀವು ಇದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ದುಡ್ಡಿನದೂ ಅಷ್ಟೇ. ಒಂದೇ ಪರ್ಸಿನಲ್ಲಿ ಇಬ್ಬರೂ ಸಮ ಹಾಕಿ, ಅದರಿಂದಲೇ ಖರ್ಚು ಮಾಡಿ.

ಘಟ್ಟದ ಮೇಲಿನವಳು

ಅಕ್ಕ, ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ನಮ್ಮಿಬ್ಬರಲ್ಲಿ ಜೋರಾಗಿ ನಡೆಯುವವಳು ನಾನು. ಅಡಿಕೆ ತೋಟದ ಏರು ಹತ್ತಿ ಇಳಿದು ಅಭ್ಯಾಸ. ಅವಳನ್ನೇ ಮುಂದೆ ಬಿಡುತ್ತೇನೆ.

ಕಾರವಾರ ಕಿನಾರೆ

ಎಲ್ಲ ಸರಿ, ಆದರೆ ಗೆಳತಿ ಕಾರವಾರದವಳು ಅಂದ ಮೇಲೆ ನಡಿಗೆ ಗೋಕರ್ಣದಿಂದ ಯಾಕೆ ಶುರು? ಉತ್ತರ ಕನ್ನಡದ ಕಡಲು ಅಂದರೆ ಜನರಿಗೆ ಗೋಕರ್ಣ, ಮುರ್ಡೇಶ್ವರ ಎರಡೇ ಕಾಣುತ್ತವೆ. ರವೀಂದ್ರನಾಥ ಟಾಗೋರರು 22ರ ಹರೆಯದಲ್ಲಿ ಕಾರವಾರಕ್ಕೆ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥ ಆಗ ಇಲ್ಲಿ ಜಡ್ಜ್ ಆಗಿದ್ದರು. ನಮ್ಮ ದಂಡೆಗೆ ಟಾಗೋರ್ ಹೆಸರು ಇರುವುದು ಅದಕ್ಕೇ. ಸದಾಶಿವಗಡ ಇದೆ, ಕಾಳಿ ಅಳಿವೆ ಇದೆ, ದೇವಬಾಗ ಇದೆ, ಯುದ್ಧನೌಕೆ ಚಪಲ್ ವಸ್ತುಸಂಗ್ರಹಾಲಯ ಇದೆ. ಕಾರವಾರದಿಂದಲೇ ನಡೆಯಲಿ.

ಬಾಡದ ಹುಡುಗ

ಕಾರವಾರದಿಂದ ಅಂಕೋಲೆಗೆ ದಂಡೆ ಹಿಡಿದು ನಡೆಯಲು ಆಗುವುದಿಲ್ಲ ಮಾರಾಯ. ಬಿಣಗಾ, ಅರ್ಗಾ ಕಡೆಯೆಲ್ಲ ನೌಕಾನೆಲೆ. ಐಎನ್‌ಎಸ್ ಕದಂಬದ ಬೇಲಿ ದಾಟಿ ಯಾರು ಬಿಡುತ್ತಾರೆ? ಹೈವೇ ಅಂಚಿನಲ್ಲಿ ಲಾರಿಗಳ ಜೊತೆ ನಡೆಯಬೇಕು.

ಕಾರವಾರ ಕಿನಾರೆ

ಅದು ನಿಜ. ಆ ನೌಕಾನೆಲೆ ಕಟ್ಟಿದ ಸೀಬರ್ಡ್ ಯೋಜನೆಗೆ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಮನೆ, ಗದ್ದೆ, ದಂಡೆ ಬಿಟ್ಟುಕೊಟ್ಟವು. ನನ್ನ ಅಜ್ಜಿ ಮನೆಯೂ ಆ ಕಡೆಯೇ ಇತ್ತು. ಈಗ ಬಸ್ಸಿನ ಕಿಟಕಿಯಿಂದ ಗೋಡೆ ನೋಡಿಕೊಂಡು ಹೋಗುತ್ತೇವೆ. ಅದಕ್ಕೇ ಹೇಳಿದ್ದು, ಕಾರವಾರವನ್ನು ಬಿಟ್ಟು ಹೋಗಬೇಡಿ ಅಂತ. ನಡೆಯದಿದ್ದರೂ ಒಂದು ದಿನ ಉಳಿದು, ಟಾಗೋರ್ ದಂಡೆಯಲ್ಲಿ ಸಂಜೆ ಕೂತು, ಆಮೇಲೆ ಗೋಕರ್ಣದ ಬಸ್ ಹತ್ತಿ.

ಘಟ್ಟದ ಮೇಲಿನವಳು

ಖಂಡಿತ. ಮೊದಲ ರಾತ್ರಿ ಅವಳ ಮನೆಯಲ್ಲೇ. ಅವಳ ಆಯಿ ಬಿಡುವುದೂ ಇಲ್ಲ.

ಬುಲೆಟ್ ಮಾವ

ಆ ಹೈವೇ ಮಳೆಗಾಲದಲ್ಲಿ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ? ಆಗಸ್ಟ್‌ನಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಜನವರಿ ಆರಿಸಿಕೊಂಡಿದ್ದು ಒಳ್ಳೆಯದು.

ಶರಾವತಿ ತೀರ

ನೀರಿನ ವಿಷಯ ಒಂದು ಹೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಮಳೆಗಾಲ ಅಲ್ಲ, ಡಿಸೆಂಬರ್. ನೋಡಲು ಕಡಲು ಶಾಂತವಾಗಿಯೇ ಇರುತ್ತದೆ.

ಸೆಳವು ಹೇಗಿರುತ್ತದೆ ಅಂದರೆ, ಎರಡೂ ಕಡೆ ಅಲೆ ಒಡೆದು ಬಿಳಿ ನೊರೆ ಬರುತ್ತಿರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ ಸಪಾಟಾಗಿ ಕಾಣುತ್ತದೆ. ಹೊಸಬರು ಅಲ್ಲಿ ಅಲೆ ಇಲ್ಲ, ಇಳಿಯಲು ಸುಲಭ ಅಂತ ಅದೇ ಜಾಗಕ್ಕೆ ಹೋಗುತ್ತಾರೆ. ದಂಡೆಗೆ ಬಂದ ನೀರೆಲ್ಲ ವಾಪಸ್ ಒಳಕ್ಕೆ ಓಡುವ ದಾರಿ ಅದು. ಸಿಕ್ಕಿಬಿದ್ದರೆ ದಂಡೆಯ ಕಡೆಗೆ ನೇರ ಈಜಬಾರದು, ಎಂಥ ಈಜುಗಾರನಿಗೂ ದಮ್ಮು ಸಾಲುವುದಿಲ್ಲ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ತಪ್ಪಿದ ಮೇಲೆ ದಂಡೆ ಕಡೆ ತಿರುಗಬೇಕು. ಆಗದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಬೇಕು. ಒಬ್ಬಳು ಸಿಕ್ಕಿಬಿದ್ದರೆ ಇನ್ನೊಬ್ಬಳು ಹಿಂದೆ ಹಾರಬಾರದು. ಇದು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಹಗ್ಗ, ಖಾಲಿ ಕ್ಯಾನು, ತೇಲುವ ಯಾವುದಾದರೂ ಎಸೆಯಿರಿ, ಜನ ಕರೆಯಿರಿ, 112ಕ್ಕೆ ಫೋನ್ ಮಾಡಿ. ಈಜಬೇಕು ಅನಿಸಿದರೆ ಜೀವರಕ್ಷಕರು ಇರುವ ದಂಡೆಯಲ್ಲಿ, ಅವರು ಹೇಳಿದ ಜಾಗದಲ್ಲಿ ಮಾತ್ರ.

ಹೊಳೆಸಾಲು

ಅಣ್ಣ ಹೇಳಿದ ಪ್ರತಿ ಮಾತೂ ಸರಿ. ಹಿಂದೆ ಹಾರಬಾರದು ಅನ್ನುವುದನ್ನೂ ಹೊರಡುವ ಮುಂಚೆಯೇ ಇಬ್ಬರೂ ಮಾತಾಡಿಕೊಳ್ಳಿ.

ಮುರುಗಲು ಮರ

ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸಸ್ಯಾಹಾರಿಗೆ ಗೋಕರ್ಣ, ಕುಮಟಾ, ಹೊನ್ನಾವರದಲ್ಲಿ ಏನೂ ಕಷ್ಟ ಇಲ್ಲ. ಬೆಳಿಗ್ಗೆ ಬನ್ಸ್ ಭಾಜಿ ತಿಂದರೆ ಮಧ್ಯಾಹ್ನದವರೆಗೆ ನಡೆಯಬಹುದು. ಗೆಳತಿಗೆ ಬಂಗಡೆ, ಶೆಟ್ಲಿ (ಸಿಗಡಿ), ಅಘನಾಶಿನಿ ಕಡೆ ಚಿಪ್ಪಿಕಲ್ಲು. ಇಬ್ಬರಿಗೂ ಒಟ್ಟಿಗೆ ಕೋಕಂ (ಮುರುಗಲು) ಹಣ್ಣಿನ ಸೋಲ್‌ಕಡಿ. ಮಧ್ಯದ ಹಳ್ಳಿಗಳಲ್ಲಿ ಹೋಟೆಲ್ ಸಿಗದಿದ್ದರೆ ಹೋಂಸ್ಟೇಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಗಂಜಿ ಊಟ ಹೇಳಿ. ಕೊಚ್ಚಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ಬಿಸಿಲಲ್ಲಿ ನಡೆದವರಿಗೆ ಅದಕ್ಕಿಂತ ಹಿತವಾದ ಊಟ ಇಲ್ಲ.

ಕಾರವಾರ ಕಿನಾರೆ

ಸೋಲ್‌ಕಡಿಗೆ ತೆಂಗಿನ ಹಾಲು ಹಾಕಬೇಕು. ಕುಮಟಾ ಕಡೆ ಕೆಲವರು ನೀರು ಕೋಕಮ್ಮಿಗೇ ಸೋಲ್‌ಕಡಿ ಅನ್ನುತ್ತಾರೆ.

ಮುರುಗಲು ಮರ

ತೆಂಗಿನ ಹಾಲು ಇಲ್ಲದೆಯೂ ಮಾಡುತ್ತಾರೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಅನ್ನಕ್ಕೆ ಕಲಸುತ್ತೇವೆ. ಮನೆಮನೆಗೆ ಬೇರೆ ಇರುತ್ತದೆ.

ಅಂಕೋಲೆ ಇಷಾಡು

ಮೇ ತಿಂಗಳಲ್ಲಿ ಬಂದಿದ್ದರೆ ಕರಿ ಇಷಾಡು ಮಾವು ಸಿಗುತ್ತಿತ್ತು. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ಹಣ್ಣು, ಅದರ ರಸಕ್ಕೆ ಸಕ್ಕರೆ ಬೇಕಿಲ್ಲ.

ಬಾಡದ ಹುಡುಗ

ಮೇ ತಿಂಗಳಲ್ಲಿ ದಂಡೆ ನಡಿಗೆ? ಅದು ಆಗದ ಮಾತು.

ಕಾಂಡ್ಲಾ ಕಾಡು

ತದಡಿಯಲ್ಲಿ ಬಾರ್ಜ್ ಹತ್ತಿ ಆಚೆ ಇಳಿದು ಓಡಬೇಡಿ. ಅರ್ಧ ದಿನ ಅಳಿವೆಗೆ ಕೊಡಿ. ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮೇಲೆ ನಿಮ್ಮ ಶಿರಸಿ ಕಡೆ ಹುಟ್ಟಿದ ನೀರು ಹರಿದು ಇಲ್ಲಿ ಉಪ್ಪು ನೀರಿಗೆ ಸೇರುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಎದೆಮಟ್ಟ ನೀರಲ್ಲಿ ನಿಂತು ಕಾಲಿನಿಂದ ಕೆಸರು ತಡವಿ, ಮುಳುಗಿ ಚಿಪ್ಪಿ ಹೆಕ್ಕುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿ ಪಾತ್ರೆಯನ್ನು ಪಕ್ಕದಲ್ಲಿ ತೇಲಿಬಿಟ್ಟಿರುತ್ತಾರೆ. ಚಿಪ್ಪಿ ಬಿದ್ದಂತೆ ಪಾತ್ರೆ ಒಂದು ಕಡೆ ವಾಲುತ್ತದೆ, ಕೈಯಿಂದ ಸರಿಮಾಡಿ ಮತ್ತೆ ಮುಳುಗುತ್ತಾರೆ. ಇದೇ ಅವರ ದಿನದ ಸಂಪಾದನೆ, ಆದ್ದರಿಂದ ಫೋಟೋ ತೆಗೆಯುವ ಮುಂಚೆ ಕೇಳಿ.

ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಈಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇದೆ. ಬಿಸಿಲು ಏರುವ ಮುಂಚೆ ಹೋದರೆ ಕೆಲಸದವರು ಉಪ್ಪು ಗೋರಿ ರಾಶಿ ಹಾಕುವುದು ನೋಡಬಹುದು. ಚಳಿಗಾಲದಲ್ಲಿ ಹಕ್ಕಿಗಳೂ ಜಾಸ್ತಿ.

ಅಂಕೋಲೆ ಇಷಾಡು

ಉಪ್ಪು ಅಂದಮೇಲೆ ಅಂಕೋಲೆ ಬರಲೇಬೇಕು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ನಮ್ಮದು. ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಕಾಡಿನ ಗಿಡ ಬೆಳೆಸಿದ ತುಳಸಿ ಗೌಡ ಇಬ್ಬರೂ ನಮ್ಮ ತಾಲೂಕಿನವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ಇಬ್ಬರೂ ಈಗಿಲ್ಲ. ಕಾರವಾರದಿಂದ ಗೋಕರ್ಣಕ್ಕೆ ಬರುವಾಗ ಅಂಕೋಲೆ ಪೇಟೆಯಲ್ಲಿ ಇಳಿಯಿರಿ. ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ ಬುಟ್ಟಿ ಇಟ್ಟು ಕೂತಿರುತ್ತಾರೆ, ಅವರ ಹತ್ತಿರ ಗೆಣಸು, ಸೌತೆ ಕೊಂಡು ಬ್ಯಾಗಿಗೆ ಹಾಕಿಕೊಳ್ಳಿ.

ಮುರುಗಲು ಮರ

ಬ್ಯಾಗಿನ ಭಾರ ಜಾಸ್ತಿ ಮಾಡಬೇಡಿ ಅಂತ ಮೇಲೆ ಅಷ್ಟು ಹೇಳಿದ್ದಾರೆ, ನೀವು ಗೆಣಸು ತುಂಬಿಸುತ್ತಿದ್ದೀರಿ! ಸೌತೆ ಸಾಕು.

ಶರಾವತಿ ತೀರ

ನಿಮ್ಮ ದಾರಿಯಲ್ಲಿ ಇನ್ನೊಂದು ವಿಶೇಷ ಇದೆ. ಆತ್ಮಲಿಂಗದ ಪಂಚಕ್ಷೇತ್ರಗಳಲ್ಲಿ ಗೋಕರ್ಣ, ಧಾರೇಶ್ವರ ಎರಡೂ ಸಿಗುತ್ತವೆ. ಗುಣವಂತೆ, ಮುರ್ಡೇಶ್ವರ ಹೊನ್ನಾವರದಿಂದ ತೆಂಕಿಗೆ. ಐದನೆಯ ಶೇಜ್ಜೇಶ್ವರ ಗೆಳತಿಯ ಕಾರವಾರದಲ್ಲೇ ಇದೆ. ಗುಣವಂತೆಗೆ ಹೋದರೆ ಅದು ಕೆರೆಮನೆ ಮೇಳದ ಊರು, 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಮೇಳ. ಚಳಿಗಾಲದಲ್ಲಿ ಅಲ್ಲಲ್ಲಿ ಯಕ್ಷಗಾನ ಇರುತ್ತದೆ, ಸುತ್ತಲ ಊರಲ್ಲಿ ಆಟ ಇದ್ದರೆ ನೋಡಿ. ಹೊನ್ನಾವರದಲ್ಲಿ ಶರಾವತಿ ಮೇಲೆ ಕೊಂಕಣ ರೈಲಿನ ಅತಿ ಉದ್ದದ ಸೇತುವೆ ಇದೆ, 2 ಕಿಲೋಮೀಟರಿಗಿಂತ ಜಾಸ್ತಿ. ವಾಪಸ್ ಹೋಗುವ ಮುಂಚೆ ಬೇಕಾದರೆ ರೈಲು ಹತ್ತಿ ಮುರ್ಡೇಶ್ವರದ ಕಡೆ ಹೋಗಿ, ಹೊಳೆ ಅಳಿವೆ ಸೇರುವುದು ಕಿಟಕಿಯಿಂದ ಕಾಣುತ್ತದೆ. ಕಾಸರಕೋಡ ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ದಂಡೆಗೆ ಕೊಡುವ ಮಾನ್ಯತೆ) ಬಂದಿದೆ, ಸ್ನಾನಕ್ಕೆ, ಬಟ್ಟೆ ಬದಲಾಯಿಸಲು ಅನುಕೂಲ ಇದೆ.

ಮತ್ತೆ, ಅಣ್ಣನನ್ನು ಕರೆದುಕೊಂಡು ಹೋಗು ಅಂದಿದ್ದೆ. ಹೊಳೆಸಾಲು ಅವರು ಬರೆದದ್ದು ಓದಿದ ಮೇಲೆ ಅದು ಬೇಕು ಅನಿಸುತ್ತಿಲ್ಲ. ದಿನಾ ಸಂಜೆ ಎಲ್ಲಿ ಉಳಿಯುತ್ತೀರಿ ಅಂತ ಮನೆಗೆ ತಿಳಿಸಿ. ಕತ್ತಲೆಗೆ ಮುಂಚೆ ಊರು ಸೇರಿ, ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ.

ಕಾಂಡ್ಲಾ ಕಾಡು

ಈ ಮಾತಿಗೆ ನನ್ನ ಒಪ್ಪಿಗೆ ಇದೆ ಅಣ್ಣ.

ದೇವಬಾಗದ ಅಲೆ

ಒಂದು ಕೋರಿಕೆ. ಬೆಳಿಗ್ಗೆ ಏಂಡಿ ಬಲೆ (ದಂಡೆಯಲ್ಲಿ ನಿಂತು ಹಗ್ಗದಿಂದ ಎಳೆಯುವ ಬಲೆ) ಎಳೆಯುವವರು ಕಂಡರೆ ಹಗ್ಗ ದಾಟಿ ಹೋಗಬೇಡಿ, ಸುತ್ತಿ ಹೋಗಿ. ಕೈ ಹಚ್ಚುತ್ತೇವೆ ಅಂದರೆ ಬೇಡ ಅನ್ನುವವರು ಕಡಿಮೆ. ಒಣಮೀನು ಹರವಿದ ಕಡೆ ತುಳಿಯಬೇಡಿ. ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ಬದಲು ಮನೆಗಳಲ್ಲಿ ಬಾವಿ ನೀರು ಕೇಳಿ ತುಂಬಿಸಿಕೊಳ್ಳಿ. ಎಳನೀರು ಕುಡಿದರೆ ಸ್ಟ್ರಾ ಬೇಡ ಅನ್ನಿ. ದಂಡೆಗೆ ಬಂದು ಬೀಳುವ ಕಸ ಈಗಲೇ ಹೊರಲಾರದಷ್ಟಾಗಿದೆ.

ಘಟ್ಟದ ಮೇಲಿನವಳು

ಎಲ್ಲರ ಮಾತೂ ಅವಳಿಗೆ ಓದಿ ಹೇಳಿದೆ. ತೀರ್ಮಾನ ಹೀಗೆ. ಕಾರವಾರದಲ್ಲಿ ಅವಳ ಮನೆ, ದಾರಿಯಲ್ಲಿ ಅಂಕೋಲೆ ಪೇಟೆ, ಆಮೇಲೆ ಗೋಕರ್ಣ. ಟೆಂಟ್ ಇಲ್ಲ. ತದಡಿಯಲ್ಲಿ ಅರ್ಧ ದಿನ ಅಳಿವೆಗೆ. ಅಘನಾಶಿನಿ ಊರಲ್ಲಿ ಒಂದು ರಾತ್ರಿ, ಕುಮಟಾ ಕಡೆ ಒಂದು ರಾತ್ರಿ, ಸುಸ್ತಾದರೆ ಇನ್ನೊಂದು. ಹುಣ್ಣಿಮೆ ಅಮಾವಾಸ್ಯೆ ಎರಡನ್ನೂ ಬಿಟ್ಟು ನಡುವಿನ ದಿನ ಆರಿಸುತ್ತೇವೆ. ಅವಳು ಮುಂದೆ, ನಾನು ಹಿಂದೆ. ನೀರಿಗೆ ಇಳಿಯುವುದು ಮೊಣಕಾಲಿನ ತನಕ, ಈಜು ಕಾಸರಕೋಡದಲ್ಲಿ ಮಾತ್ರ. ಶರಾವತಿ ತೀರ ಅಣ್ಣನವರ ಮಾತನ್ನು ಅಪ್ಪನಿಗೆ ತೋರಿಸಿದೆ. "ಹೊನ್ನಾವರದವರೇ ಹೇಳಿದ್ದಾರಲ್ಲ, ಹೋಗಿ ಬಾ" ಅಂದರು.

ಬಾಡದ ಹುಡುಗ ಅವರೇ, ಬಾಡದಲ್ಲಿ ಊಟ ಹಾಕುವ ಮನೆ ಯಾವುದಾದರೂ ಗೊತ್ತಾ?

ಬಾಡದ ಹುಡುಗ

ನಮ್ಮ ಮನೆಯಲ್ಲೇ ಆಗುತ್ತದೆ. ಅಮ್ಮನಿಗೆ ಹೇಳಿದ್ದೇನೆ. ತಾರೀಕು ಮೆಸೇಜ್ ಮಾಡಿ. ಗೆಳತಿಗೆ ಬಂಗಡೆ ತರಿಸಬೇಕಾದರೆ ಹಿಂದಿನ ದಿನವೇ ತಿಳಿಸಿ, ಸಾರು ಬೇಕೋ ಹುರಿದದ್ದು ಬೇಕೋ ಅಂತಲೂ ಹೇಳಿ.

ಘಟ್ಟದ ಮೇಲಿನವಳು

ಎರಡೂ ಅಂತೆ.